ವೈಟ್ ರಿಮ್‌ನಲ್ಲಿ ಎರಡು ದಿನ: ನೀರು, ಮರಳು, ಟಯರು

ಎಲ್ಲರಿಗೂ ನಮಸ್ಕಾರ. ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ ಶನಿವಾರ, ಭಾನುವಾರ ಎರಡೇ ದಿನದಲ್ಲಿ ಮೌಂಟನ್ ಬೈಕ್ ಮೇಲೆ ಸುಮಾರು 140 ಕಿಲೋಮೀಟರ್ ಮುಗಿಸುವುದು ಹೇಗೆ? ಇವತ್ತಿನ ಮಾತು ಅಷ್ಟಕ್ಕೇ ಸೀಮಿತ. ಅಲ್ಲಿಗೆ ಯಾಕೆ ಹೋಗಬೇಕು ಅಂತ ನಾವು ಹೇಳಲು ಹೋಗುವುದಿಲ್ಲ. ಒಂದು ಫೋಟೋ ನೋಡಿದರೆ ಸಾಕು, ಅದು ತಾನಾಗಿಯೇ ಗೊತ್ತಾಗುತ್ತದೆ. ಹೋದವರು ಎಡವುವುದು ಎಲ್ಲಿ, ಯಾಕೆ ಅನ್ನುವುದು ಫೋಟೋದಲ್ಲಿ ಕಾಣುವುದಿಲ್ಲ. ಆ ಭಾಗವನ್ನು ನಾವು ಹೇಳುತ್ತೇವೆ.

ಜಾಗದ ಪರಿಚಯ ಮೊದಲು. ಮೋಆಬ್ ಅನ್ನುವ ಊರಿನ ಹತ್ತಿರ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವಿದೆ, 1964ರಲ್ಲಿ ಆದದ್ದು. ಅದರ ಉತ್ತರ ಭಾಗದಲ್ಲಿರುವ ಚಪ್ಪಟೆ ನೆತ್ತಿಯ ದೊಡ್ಡ ಗುಡ್ಡಕ್ಕೆ ಐಲ್ಯಾಂಡ್ ಇನ್ ದ ಸ್ಕೈ ಎಂದು ಹೆಸರು. ನೆತ್ತಿಯಿಂದ ಸುಮಾರು 350 ಮೀಟರ್ ಕೆಳಗೆ, ಗುಡ್ಡದ ಸುತ್ತ ಜಗಲಿ ಕಟ್ಟಿದ ಹಾಗೆ ಬಿಳಿ ಮರಳುಗಲ್ಲಿನ ಪದರ ಚಾಚಿಕೊಂಡಿದೆ. ಈ ಕಲ್ಲು ಗಟ್ಟಿ, ಅದರ ಕೆಳಗಿನ ಶೇಲ್ ಅನ್ನುವ ಕೆಂಪು ಕಲ್ಲು ಮೆದು. ಕೆಳಗಿನದು ಸವೆದು ಹೋದಾಗಲೂ ಮೇಲಿನದು ಅಂಚಾಗಿ ಉಳಿಯುತ್ತದೆ. ಆ ಬಿಳಿ ಅಂಚೇ ವೈಟ್ ರಿಮ್, ಅದರ ಮೇಲೆ ಹೋಗುವ ಮಣ್ಣುದಾರಿ ವೈಟ್ ರಿಮ್ ರೋಡ್. ಪೂರ್ವದಲ್ಲಿ ಕೊಲರಾಡೊ ನದಿ, ಪಶ್ಚಿಮದಲ್ಲಿ ಗ್ರೀನ್ ನದಿ, ಎರಡೂ ಇನ್ನೂ ಆಳದಲ್ಲಿ. ಪ್ರವಾಸಿಗರಿಗಾಗಿ ಮಾಡಿದ ದಾರಿ ಇದಲ್ಲ. 1950ರ ದಶಕದಲ್ಲಿ ಯುರೇನಿಯಂ ಹುಡುಕಲು ಬಂದವರಿಗಾಗಿ ಕಡಿದದ್ದು. ಇಲ್ಲಿ ಹೇಳಿಕೊಳ್ಳುವಷ್ಟು ಯುರೇನಿಯಂ ಸಿಗಲಿಲ್ಲ, ದಾರಿ ಮಾತ್ರ ಉಳಿಯಿತು.

ಡಾಂಬರು ರಸ್ತೆಯ ತುಂಡನ್ನೂ ಸೇರಿಸಿ ಪೂರ್ತಿ ಸುತ್ತು ಸುಮಾರು 160 ಕಿ.ಮೀ. ಎರಡು ಕಾರಿದ್ದರೆ ಒಂದನ್ನು ಸವಾರಿ ಮುಗಿಯುವ ಕಡೆ, ಮಿನರಲ್ ಬಾಟಮ್ ದಾರಿ 313ನೇ ಹೆದ್ದಾರಿಗೆ ಸೇರುವ ಜಾಗದಲ್ಲಿ ಬಿಟ್ಟು, ಇನ್ನೊಂದರಲ್ಲಿ ಸವಾರಿ ಶುರುವಾಗುವ ಶೇಫರ್ ಇಳಿಜಾರಿನ ಮೇಲ್ತುದಿಗೆ ಹೋಗಿ. ಡಾಂಬರಿನ ಮೇಲೆ ತುಳಿಯುವುದು ತಪ್ಪುತ್ತದೆ, ಎರಡು ದಿನಕ್ಕೆ ತಲಾ 70 ಕಿ.ಮೀ. ಬರುತ್ತದೆ.

ಪರವಾನಗಿ ಇಲ್ಲದೆ ಇಳಿಯುವಂತಿಲ್ಲ. ಒಂದೇ ದಿನದಲ್ಲಿ ಸುತ್ತಿ ಬರುವ ಸೈಕಲ್ಲಿಗೂ ಪರವಾನಗಿ ಬೇಕು, ದಿನಕ್ಕೆ 50 ಸೈಕಲ್ಲಿಗೆ ಮಾತ್ರ ಕೊಡುತ್ತಾರೆ. ರಾತ್ರಿ ತಂಗುವುದಕ್ಕೆ ಬೇರೆ ಪರವಾನಗಿ, ಅದೂ ಗೊತ್ತುಮಾಡಿದ ಕ್ಯಾಂಪ್‌ಗಳಲ್ಲೇ. ಒಂದು ತಂಡಕ್ಕೆ 15 ಜನ, 3 ಗಾಡಿ ಮಿತಿ. ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗಿನ ವಾರಾಂತ್ಯಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಆದ್ದರಿಂದ ಕ್ಯಾಂಪ್ ಸಿಕ್ಕ ಮೇಲೆ ವಿಮಾನದ ಟಿಕೆಟ್ ತೆಗೆದುಕೊಳ್ಳಿ, ಉಲ್ಟಾ ಮಾಡಬೇಡಿ. ಎರಡು ದಿನದ ಯೋಜನೆಗೆ ಸರಿಹೊಂದುವುದು ಮರ್ಫಿ ಹಾಗ್‌ಬ್ಯಾಕ್ ಕ್ಯಾಂಪ್, ಹೆಚ್ಚುಕಡಿಮೆ ನಟ್ಟನಡುವೆ. ಅದು ಸಿಗದಿದ್ದರೆ ಅದಕ್ಕೂ ಮುಂಚೆ ಬರುವ ವೈಟ್ ಕ್ರ್ಯಾಕ್. ಮೊದಲ ದಿನವೇ ಮರ್ಫಿ ದಾಟಿ ಕ್ಯಾಂಡಲ್‌ಸ್ಟಿಕ್ ಕ್ಯಾಂಪ್ ತನಕ ಹೋಗುವ ಯೋಜನೆ ಅಕ್ಟೋಬರಿನಲ್ಲಿ ಬೇಡ. ತಿಂಗಳ ನಡುವಿನಲ್ಲಿ ಸೂರ್ಯ ಹುಟ್ಟುವುದು ಏಳೂವರೆ ಹೊತ್ತಿಗೆ, ಮುಳುಗುವುದು ಏಳಕ್ಕೂ ಮೊದಲು.

ಇನ್ನು ನೀರು. ಉಳಿದೆಲ್ಲ ತೀರ್ಮಾನಗಳೂ ಇದರ ಬೆನ್ನಿಗೆ ಬರುವಂಥವು. ಇಡೀ ದಾರಿಯಲ್ಲಿ ಕುಡಿಯುವ ನೀರು ಒಂದು ಹನಿಯೂ ಇಲ್ಲ. ಕ್ಯಾಂಪ್‌ಗಳಲ್ಲಿ ಗುಂಡಿ ಕಕ್ಕಸು ಇದೆ, ನಲ್ಲಿ ಇಲ್ಲ. ದಿನಕ್ಕೆ ತಲಾ ಒಂದು ಗ್ಯಾಲನ್, ಅಂದರೆ ಸುಮಾರು 4 ಲೀಟರ್ ಅನ್ನುವುದು ಎಲ್ಲರೂ ಹೇಳುವ ಕನಿಷ್ಠ ಲೆಕ್ಕ. ಪೆಡಲ್ ತುಳಿಯುವವರಿಗೆ ಅದು ಸಾಲದು. ಅಕ್ಟೋಬರಿನ 22–25 ಡಿಗ್ರಿ ಬಿಸಿಲಿನಲ್ಲಿ 70 ಕಿಲೋ ತೂಕದ ಒಬ್ಬರು ಗಂಟೆಗೆ 600–750 ಮಿಲಿಲೀಟರ್ ಕುಡಿಯುತ್ತಾರೆ ಅಂತಿಟ್ಟುಕೊಳ್ಳಿ. ಮೊದಲ ದಿನ ಏಳು ಗಂಟೆಗೆ 5 ಲೀಟರ್. ಸಂಜೆಯ ಅಡುಗೆ, ಬೆಳಗಿನ ಕಾಫಿ, ಹಲ್ಲುಜ್ಜುವುದು ಸೇರಿ ಎರಡೂವರೆ. ಎರಡನೇ ದಿನ ಮರಳು ಮತ್ತು ಏರು ಹೆಚ್ಚು, ಐದೂವರೆ ಬೇಕು. ಗಾಡಿ ಕೆಟ್ಟರೆ, ಯಾರಾದರೂ ಬಿದ್ದರೆ ಅಂತ 3 ಲೀಟರ್ ಮೀಸಲು. ಒಟ್ಟು 16 ಲೀಟರ್ ಆಯಿತು.

ಹದಿನಾರು ಲೀಟರ್ ಅಂದರೆ ಹದಿನಾರು ಕಿಲೋ, ಬಹುತೇಕ ಸೈಕಲ್ಲಿನ ತೂಕಕ್ಕಿಂತ ಹೆಚ್ಚು. ಅಷ್ಟನ್ನೂ ಫ್ರೇಮಿಗೆ ಕಟ್ಟಿಕೊಂಡು ಹೋಗುವವರಿದ್ದಾರೆ, ಬೇಡ ಅನ್ನುವುದಿಲ್ಲ. ಆದರೆ ಅದು ಬೇರೆಯದೇ ಆಟ: ಮಲಗುವ ಚೀಲ, ಟೆಂಟು, ಊಟ ಎಲ್ಲ ಸೇರಿ 25 ಕಿಲೋ ದಾಟುತ್ತದೆ, ಮರ್ಫಿ ಏರಿನಲ್ಲಿ ತಳ್ಳಿಕೊಂಡೇ ಹೋಗಬೇಕಾಗುತ್ತದೆ. ಮೊದಲ ಸಲ ಹೋಗುವವರು ಸಪೋರ್ಟ್ ಗಾಡಿ ಇಟ್ಟುಕೊಳ್ಳಿ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ, ಲೋ ರೇಂಜ್ (ನಿಧಾನವಾಗಿ, ಬಲವಾಗಿ ಎಳೆಯುವ ಗಿಯರ್) ಇರುವ, ನೆಲದಿಂದ ಎತ್ತರವಾಗಿರುವ ಗಾಡಿಯೇ ಆಗಬೇಕು. ಪೇಟೆಯ ಎಸ್‌ಯುವಿ ಎರಡನೇ ದಿನ ಬರುವ ಹಾರ್ಡ್‌ಸ್ಕ್ರಾಬಲ್ ಏರಿನಲ್ಲಿ ಹೊಟ್ಟೆ ಉಜ್ಜಿಕೊಂಡು ನಿಲ್ಲುತ್ತದೆ. ಆರು ಜನರಿದ್ದರೆ 20 ಲೀಟರಿನ ಐದು ಕ್ಯಾನ್. ಒಂದೇ ದೊಡ್ಡ ಡ್ರಮ್ಮಿನಲ್ಲಿ ತುಂಬಬೇಡಿ. ಕುಲುಕಾಟಕ್ಕೆ ಒಂದು ಮುಚ್ಚಳ ಸಡಿಲವಾದರೆ ಇಡೀ ತಂಡದ ನೀರು ಡಿಕ್ಕಿಯೊಳಗೆ ಹರಿದುಹೋಗುತ್ತದೆ.

ಗಾಡಿ ಯಾವಾಗಲೂ ಹಿಂದಿರಲಿ. ಈ ದಾರಿಯಲ್ಲಿ ಜೀಪಿನ ಸರಾಸರಿ ವೇಗ ಗಂಟೆಗೆ 10–15 ಕಿ.ಮೀ., ಅಂದರೆ ಸೈಕಲ್ಲಿಗಿಂತ ಹೆಚ್ಚೇನಲ್ಲ. ಗಾಡಿ ಮುಂದೆ ಹೋಗಿಬಿಟ್ಟರೆ, ಕೊನೆಯ ಸವಾರನ ಟಯರ್ ಸೀಳಿದಾಗ ಅವನ ಹಿಂದೆ ಬರುವವರು ಯಾರೂ ಇರುವುದಿಲ್ಲ. ಮೊಬೈಲ್ ಸಿಗ್ನಲ್ಲನ್ನು ನಂಬುವ ಹಾಗೂ ಇಲ್ಲ. ಏರ್‌ಪೋರ್ಟ್ ಅನ್ನುವ ಹೆಸರಿನ ಕ್ಯಾಂಪ್, ಗೂಸ್‌ಬೆರಿ ಕ್ಯಾಂಪ್, ವೈಟ್ ಕ್ರ್ಯಾಕ್ ತಿರುವು, ಹೀಗೆ ಸೇರುವ ಜಾಗಗಳನ್ನು ಮೊದಲೇ ಗೊತ್ತುಮಾಡಿ. ಎರಡು ಜಾಗಗಳ ನಡುವೆ ಗಾಡಿ ಬರದೇ ಹೋದರೂ ನಡೆಯುವಷ್ಟು ನೀರು ಸವಾರನ ಹತ್ತಿರವೇ ಇರಲಿ: ಬೆನ್ನಚೀಲದಲ್ಲಿ 3 ಲೀಟರ್, ಫ್ರೇಮಿನಲ್ಲಿ 750 ಮಿಲಿಯ ಎರಡು ಬಾಟಲಿ. ತಂಡಕ್ಕೊಂದು ಸ್ಯಾಟಲೈಟ್ ಸಂದೇಶ ಯಂತ್ರ ಕಡ್ಡಾಯ. ಅದು ಗಾಡಿಯಲ್ಲಲ್ಲ, ಸವಾರರೊಬ್ಬರ ಜೇಬಿನಲ್ಲಿರಬೇಕು.

ನೀರಿನ ಜೊತೆಗೇ ಉಪ್ಪು. ಒಣ ಗಾಳಿಯಲ್ಲಿ ಬೆವರು ಕಾಣಿಸುವುದೇ ಇಲ್ಲ, ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಅಂಗಿಯ ಮೇಲೆ ಬಿಳಿ ಪೊರೆ ಕಂಡಾಗಲೇ ಗೊತ್ತಾಗುವುದು. ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ 500ರಿಂದ 1,500 ಮಿಲಿಗ್ರಾಂ ಸೋಡಿಯಂ ಹೋಗುತ್ತದೆ. ಇದನ್ನು ತುಂಬದೆ ಬರೀ ನೀರನ್ನೇ ಗಟಗಟ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಆಗ ತಲೆನೋವು, ವಾಕರಿಕೆ, ಮಂಕು. ನೀರು ಕಡಿಮೆಯಾದಾಗಲೂ ಇದೇ ಲಕ್ಷಣಗಳು, ಹಾಗಾಗಿ ಜೊತೆಗಿದ್ದವರು ಇನ್ನಷ್ಟು ನೀರು ಕುಡಿಸುತ್ತಾರೆ, ಕೆಲಸ ಕೆಡುತ್ತದೆ. ಗುರುತಿಸುವುದಕ್ಕೆ ಎರಡು ಸುಳಿವು: ಬೆರಳು ಊದಿ ಉಂಗುರ, ಗಡಿಯಾರ ಬಿಗಿಯಾಗಿರುವುದು ಮತ್ತು ಮೂತ್ರ ತಿಳಿಯಾಗಿ ಪದೇ ಪದೇ ಬರುತ್ತಿರುವುದು. ಹೀಗಿದ್ದರೆ ನೀರು ನಿಲ್ಲಿಸಿ, ಉಪ್ಪಿನ ತಿನಿಸು ಕೊಡಿ. ಮಾತು ತೊದಲುತ್ತಿದ್ದರೆ ಅದು ತುರ್ತುಸ್ಥಿತಿ, ಸಂದೇಶ ಯಂತ್ರದ ಗುಂಡಿ ಒತ್ತಿ.

ಊರಿಂದ ತಂದ ಓಆರ್‌ಎಸ್ ಪೊಟ್ಟಣ ಇಲ್ಲಿ ಚೆನ್ನಾಗಿ ಒದಗುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಎರಡು ಲೀಟರಿಗೆ ಕಲಸಿದರೆ ಲೀಟರಿಗೆ ಸುಮಾರು 860 ಮಿಲಿಗ್ರಾಂ ಸೋಡಿಯಂ ಸಿಗುತ್ತದೆ, ಸವಾರಿಗೆ ಸರಿಯಾದ ಹದ. ಕಡಿಮೆ ನೀರಿಗೆ ಹಾಕಿ ಗಟ್ಟಿ ಮಾಡಬೇಡಿ, ಹೊಟ್ಟೆ ತೊಳಸುತ್ತದೆ. ತಿನ್ನುವುದಕ್ಕೆ ಗಂಟೆಗೆ 40–60 ಗ್ರಾಂ ಕಾರ್ಬೊಹೈಡ್ರೇಟ್ ಗುರಿ ಇಟ್ಟುಕೊಳ್ಳಿ. ದೊಡ್ಡದೊಂದು ಮೆಡ್ಜೂಲ್ ಖರ್ಜೂರದಲ್ಲಿ ಸುಮಾರು 18 ಗ್ರಾಂ ಇರುತ್ತದೆ, ಗಂಟೆಗೆ ಮೂರು ಸಾಕು. ಚಾಕೊಲೇಟು ಹತ್ತು ಗಂಟೆಯ ಬಿಸಿಲಿಗೇ ಪಾಯಸ. ಶೇಂಗಾ ಚಿಕ್ಕಿ ಒಣ ಹವೆಗೆ ಬಗ್ಗುವುದಿಲ್ಲ, ಆದರೆ ಶೇಂಗಾದ ಎಣ್ಣೆಯಂಶ ನಿಧಾನಕ್ಕೆ ಕರಗುವುದರಿಂದ ಏರು ಶುರುವಾಗುವ ಮುನ್ನ ಬೇಡ. ರಾತ್ರಿಗೆ ಗೊಜ್ಜವಲಕ್ಕಿ ಪುಡಿ ಕಟ್ಟಿಕೊಂಡು ಹೋದವರು ಬುದ್ಧಿವಂತರು. ಒಲೆ ಹಚ್ಚುವ ಕೆಲಸವಿಲ್ಲ, ಹುಣಸೆ, ಉಪ್ಪು ಎರಡೂ ಅದರಲ್ಲೇ ಇವೆ. ಸೌದೆ ಬೆಂಕಿ ಇಲ್ಲಿ ಹೇಗೂ ನಿಷಿದ್ಧ.

ಸೈಕಲ್ಲಿಗೆ ಬರೋಣ. ಹೆಚ್ಚು ತೊಂದರೆ ಕೊಡುವುದು ಟಯರು, ಅದಕ್ಕೆ ಅದರ ಬಗ್ಗೆಯೇ ಹೆಚ್ಚು ಹೇಳುತ್ತೇವೆ. ಅಮೆರಿಕದ ಸವಾರರು ಗೋಟ್‌ಹೆಡ್ ಎಂದು ಬೈಯುವ ಮುಳ್ಳು ನಮ್ಮ ಹೊಲದ ಬದುಗಳ ನೆಗ್ಗಿಲು, ಅದೇ ಗಿಡ. ಹಳೆಯ ಜಗತ್ತಿನಿಂದ ಅಲ್ಲಿಗೆ ಹೋಗಿ ಬೇರೂರಿದೆ. ಕಾಯಿ ಒಡೆದು ಬಿದ್ದ ಪ್ರತಿ ತುಂಡಿನ ಒಂದು ಮುಳ್ಳಾದರೂ ಮೇಲ್ಮುಖವಾಗಿಯೇ ಕೂರುತ್ತದೆ. ದಾರಿಗಿಂತ ಪಾರ್ಕಿಂಗ್ ಜಾಗದಲ್ಲಿ, ರಸ್ತೆಯಂಚಿನಲ್ಲಿ ಇದು ಜಾಸ್ತಿ, ಆದ್ದರಿಂದ ಕಾರಿನಿಂದ ಇಳಿಸಿದ ಸೈಕಲ್ಲನ್ನು ಪಕ್ಕದ ಹುಲ್ಲಿನಲ್ಲಿ ಉರುಳಿಸಬೇಡಿ. ಟ್ಯೂಬ್ ಹಾಕಿದ ಟಯರಿನಲ್ಲಿ ಹೋದರೆ ಪಂಕ್ಚರ್ ಹಾಕುವುದರಲ್ಲೇ ದಿನ ಕಳೆಯುತ್ತದೆ. ಟ್ಯೂಬ್‌ಲೆಸ್ಸೇ ಬೇಕು. 29 ಇಂಚಿನ ಗಾಲಿ, 2.3–2.4 ಇಂಚು ಅಗಲದ ಟಯರು, ಪಕ್ಕದ ಗೋಡೆ ದಪ್ಪ ಇರುವಂಥದ್ದು. ಒಂದೊಂದಕ್ಕೂ 100–120 ಮಿಲಿ ಸೀಲೆಂಟ್, ಅಂದರೆ ತೂತನ್ನು ಒಳಗಿನಿಂದ ಮುಚ್ಚುವ ದ್ರವ. ಒಣ ಹವೆಯಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಎರಡು ತಿಂಗಳ ಹಿಂದೆ ಹಾಕಿದ್ದು ಇದೆಯಲ್ಲ ಅಂತ ಸುಮ್ಮನಿರಬೇಡಿ. ಗಾಲಿ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಕುಲುಕುವ ಸದ್ದು ಕೇಳದಿದ್ದರೆ ಹೊಸದು ಸುರಿಯಿರಿ.

ಮುಳ್ಳು ಚುಚ್ಚಿದರೆ ಕೀಳಬೇಡಿ, ಹಾಗೇ ಬಿಟ್ಟರೆ ಅದೇ ಬಿರಡೆ. ಕಲ್ಲಿನಿಂದ ಆದ ತೂತಿಗೆ ರಬ್ಬರ್ ಪ್ಲಗ್ ತುರುಕಿ, ಕಾಲು ಇಂಚಿನವರೆಗೆ ಅದು ಹಿಡಿಯುತ್ತದೆ. ಪಕ್ಕದ ಗೋಡೆಯೇ ಸೀಳಿದರೆ ಒಳಗಿನಿಂದ ಬೂಟ್ ಕೊಟ್ಟು, ಅಂದರೆ ಹಳೇ ಟಯರಿನ ತುಂಡೊಂದನ್ನು ಒತ್ತಾಗಿ ಇಟ್ಟು, ಟ್ಯೂಬ್ ಹಾಕಬೇಕು. ಇಲ್ಲಿ ಎಲ್ಲರೂ ಮರೆಯುವುದು ಒಂದಿದೆ. ಅಷ್ಟು ಹೊತ್ತಿಗೆ ಟಯರಿನ ಒಳಮೈಯಲ್ಲಿ ಸೀಲೆಂಟ್ ಮುಚ್ಚಿದ ಹತ್ತಾರು ಮುಳ್ಳುಗಳು ಇಣುಕುತ್ತಿರುತ್ತವೆ. ಬಟ್ಟೆ ಸುತ್ತಿದ ಬೆರಳಿನಿಂದ ಸುತ್ತಲೂ ತಡವಿ, ಒಂದೊಂದನ್ನೂ ಇಕ್ಕಳದಲ್ಲಿ ಕಿತ್ತ ಮೇಲೆಯೇ ಟ್ಯೂಬ್ ಹಾಕಿ. ಇಲ್ಲದಿದ್ದರೆ ಹೊಸ ಟ್ಯೂಬು ನೂರು ಮೀಟರ್ ಹೋಗುವುದಿಲ್ಲ. ಬಿಡಿ ವಾಲ್ವ್ ಕೋರ್ ಎರಡು ಇರಲಿ, ಸೀಲೆಂಟ್ ಕಟ್ಟಿ ಗಾಳಿ ಹೋಗದ ಹಾಗಾಗುವುದು ಮಾಮೂಲಿ. ಗಾಳಿ ಎಷ್ಟು? 75 ಕಿಲೋದವರಿಗೆ ಮುಂದೆ 21, ಹಿಂದೆ 24 ಪಿಎಸ್ಐ ಇಟ್ಟು ಶುರುಮಾಡಿ. ಸಾಮಾನು ಹೊತ್ತಿದ್ದರೆ ಹಿಂದೆ ಎರಡು ಮೂರು ಹೆಚ್ಚು.

ಚೈನಿಗೆ ಎಣ್ಣೆ ಬೇಡ, ಮೇಣದ ಲ್ಯೂಬ್ ಬೇಕು. ಎಣ್ಣೆಗೆ ಅಂಟಿದ ನುಣುಪು ಮರಳು ಉಪ್ಪುಕಾಗದದಂತೆ ಚೈನು, ಕ್ಯಾಸೆಟ್ (ಹಿಂಗಾಲಿಯ ಹಲ್ಲುಚಕ್ರಗಳು) ಎರಡನ್ನೂ ಸವೆಸುತ್ತದೆ. ಶುಕ್ರವಾರ ರಾತ್ರಿಯೇ ಲ್ಯೂಬ್ ಹಾಕಿ ಒಣಗಲು ಬಿಡಿ, ಶನಿವಾರ ಸಂಜೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಹಾಕಿ. ಚೈನಿನ ಕ್ವಿಕ್ ಲಿಂಕ್, ನಿಮ್ಮ ಫ್ರೇಮಿಗೇ ಹೊಂದುವ ಡಿರೈಲರ್ ಹ್ಯಾಂಗರ್ (ಗಿಯರ್ ಬದಲಿಸುವ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು), ಬ್ರೇಕ್ ಪ್ಯಾಡ್ ಒಂದು ಜೊತೆ, ಒಂದಿಷ್ಟು ಕೇಬಲ್ ಟೈ. ಇವು ಸವಾರನ ಚೀಲದಲ್ಲಿರಲಿ. ಹ್ಯಾಂಗರ್ ಒಂದೊಂದು ಫ್ರೇಮಿಗೂ ಬೇರೆ ಬೇರೆ, ಪಕ್ಕದವರದು ಹೊಂದುವುದಿಲ್ಲ. ವಾಷ್‌ಬೋರ್ಡ್, ಅಂದರೆ ಗಾಡಿಗಳ ಗಾಲಿ ಕುಪ್ಪಳಿಸಿ ಎಬ್ಬಿಸಿದ ಅಡ್ಡಪಟ್ಟಿಗಳ ದಾರಿ, ಬೋಲ್ಟುಗಳನ್ನು ಸದ್ದಿಲ್ಲದೆ ಬಿಚ್ಚುತ್ತದೆ. ಬಾಟಲಿ ಸ್ಟ್ಯಾಂಡು, ಶೂ ಕ್ಲೀಟು, ರೋಟರಿನ (ಬ್ರೇಕ್ ಹಿಡಿಯುವ ತಟ್ಟೆಯ) ಬೋಲ್ಟುಗಳಿಗೆ ನೀಲಿ ಥ್ರೆಡ್ ಲಾಕ್ ಹಚ್ಚಿ.

ಬ್ರೇಕಿನ ಪರೀಕ್ಷೆ ಮೊದಲ ಅರ್ಧ ಗಂಟೆಯಲ್ಲೇ. ಶೇಫರ್ ಇಳಿಜಾರು ಸುತ್ತಿ ಸುತ್ತಿ ಸುಮಾರು 430 ಮೀಟರ್ ಇಳಿಯುತ್ತದೆ. ಸವಾರ, ಸೈಕಲ್, ಸಾಮಾನು ಸೇರಿ 95 ಕಿಲೋ ಅಂದರೆ ಅಲ್ಲಿ ಕರಗಬೇಕಾದ ಶಕ್ತಿ 4 ಲಕ್ಷ ಜೂಲ್, ಒಂದು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸುವಷ್ಟು. ಅದರ ಬಹುಪಾಲು ಎರಡು ತೆಳು ರೋಟರುಗಳಲ್ಲೇ ಬಿಸಿಯಾಗಿ ಹೋಗಬೇಕು. ಲಿವರನ್ನು ಸದಾ ಸ್ವಲ್ಪ ಒತ್ತಿಕೊಂಡೇ ಇಳಿದರೆ ಪ್ಯಾಡು ತಣ್ಣಗಾಗಲು ಬಿಡುವೇ ಸಿಗುವುದಿಲ್ಲ, ರೆಸಿನ್ ಪ್ಯಾಡಿನ ಮೈ ಗಾಜಿನಂತಾಗಿ ಹಿಡಿತ ತಪ್ಪುತ್ತದೆ. ತಿರುವಿಗೆ ಮುನ್ನ ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಿ. ನೇರದಲ್ಲಿ ಗಾಳಿ ಅದನ್ನು ತಣಿಸಲಿ. ಮೆಟಲ್ ಪ್ಯಾಡ್ ಇದ್ದರೆ ಒಳ್ಳೆಯದು. ಪ್ಯಾಡಿನ ಮಸಾಲೆ 1 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಮನೆಯಲ್ಲೇ ಬದಲಿಸಿ.

ಇಳಿದ ಮೇಲೆ ಎಡಕ್ಕೆ ಹೋಗುವುದು ಪೊಟ್ಯಾಷ್ ರೋಡ್, ಮೋಆಬ್ ಕಡೆಗೆ. ನಮಗೆ ಬಲಗಡೆ. ಮಸಲ್‌ಮನ್ ಆರ್ಚ್ ಅನ್ನುವ ಕಲ್ಲಿನ ಕಮಾನು ನೋಡಲು ನಿಲ್ಲುವವರು ನಿಲ್ಲಿ, ಆದರೆ ಅದರ ಮೇಲೆ ನಡೆಯುವಂತಿಲ್ಲ. ಅಲ್ಲಿಂದ ಗೂಸ್‌ಬೆರಿವರೆಗೆ, ಅಂದರೆ ಶುರುವಿನಿಂದ ಸುಮಾರು 48 ಕಿ.ಮೀ. ತನಕ, ಇಡೀ ಸುತ್ತಿನಲ್ಲೇ ಸಲೀಸಾದ ದಾರಿ. ಅಪಾಯವೂ ಅದರಲ್ಲೇ ಇದೆ. ಕಾಲು ಹಗುರ ಅನ್ನಿಸುತ್ತದೆ, ಜನ ಜೋರಾಗಿ ತುಳಿಯುತ್ತಾರೆ, ನೀರು ಕುಡಿಯುವುದನ್ನು ಮರೆಯುತ್ತಾರೆ. ಮಧ್ಯೆ ಲ್ಯಾಥ್ರಪ್ ಕಣಿವೆಗೆ ಒಂದು ದಾರಿ ಇಳಿಯುತ್ತದೆ. ಇಳಿದರೆ ಮತ್ತೆ ಅದನ್ನೇ ಹತ್ತಬೇಕು, ಈ ಎರಡು ದಿನದಲ್ಲಿ ಅದಕ್ಕೆ ಜಾಗವಿಲ್ಲ. ಮರ್ಫಿ ಏರು ಬರುವುದು ಸುಮಾರು 70ನೇ ಕಿ.ಮೀ.ಗೆ. ಚಿಕ್ಕದು, ಆದರೆ ಕಡಿದು, ಸಡಿಲ ಕಲ್ಲು ಬೇರೆ. ತಳ್ಳಿಕೊಂಡು ಹತ್ತುವುದರಲ್ಲಿ ಯಾವ ಅವಮಾನವೂ ಇಲ್ಲ. ಕ್ಯಾಂಪ್ ಇರುವುದು ಅದರ ನೆತ್ತಿಯಲ್ಲೇ. ರಾತ್ರಿ 5 ಡಿಗ್ರಿ ಆಸುಪಾಸಿಗೆ ಇಳಿಯಬಹುದು, ಗಾಳಿಗೆ ಮರೆಯೂ ಇರುವುದಿಲ್ಲ. ಬೆವರಿದ ಬಟ್ಟೆಯನ್ನು ಕತ್ತಲಾಗುವ ಮೊದಲೇ ಬದಲಿಸಿ.

ಭಾನುವಾರದ ಕಷ್ಟವೆಲ್ಲ ಕೊನೆಯ ಅರ್ಧದಲ್ಲಿ. ಗ್ರೀನ್ ನದಿಯ ಮಟ್ಟಕ್ಕೆ ಇಳಿದು ಪೊಟ್ಯಾಟೊ ಬಾಟಮ್ ಬಂದಾಗ ಮರಳು ಶುರು. ಇಲ್ಲಿ ನಿಂತು ಎರಡೂ ಟಯರಿನಿಂದ ನಾಲ್ಕೈದು ಪಿಎಸ್ಐ ಇಳಿಸಿ. ಟಯರ್ ನೆಲಕ್ಕೆ ಹರಡಿಕೊಂಡಷ್ಟೂ ಹೂತುಕೊಳ್ಳುವುದು ಕಡಿಮೆ. ಮರಳು ಬರುವ ಮೊದಲೇ ಒಂದೆರಡು ಗಿಯರ್ ಹಗುರ ಮಾಡಿಕೊಳ್ಳಿ, ಒಳಗೆ ಹೋದ ಮೇಲೆ ಬದಲಿಸಿದರೆ ಭಾರಕ್ಕೆ ಚೈನು ಹಾರುತ್ತದೆ. ಸೀಟಿನ ಹಿಂಭಾಗಕ್ಕೆ ಸರಿದು ಕುಳಿತು, ಹ್ಯಾಂಡಲನ್ನು ಸಡಿಲವಾಗಿ ಹಿಡಿದು, ಕಾಲು ನಿಲ್ಲಿಸದೆ ತುಳಿಯುತ್ತಿರಿ. ಮುಂದಿನ ಗಾಲಿ ಅತ್ತಿತ್ತ ತೇಲಾಡುತ್ತದೆ, ಆಡಲಿ. ಅದನ್ನು ಹ್ಯಾಂಡಲಿನಿಂದ ತಿದ್ದಲು ಹೋದ ಕ್ಷಣವೇ ಅದು ಅಡ್ಡ ತಿರುಗಿ ಹೂತು, ಸವಾರ ಮುಂದಕ್ಕೆ ಬೀಳುತ್ತಾನೆ. ಮೈ ವಾಲಿಸಿ ದಿಕ್ಕು ತಿದ್ದಿ. ಜೀಪಿನ ಗಾಲಿ ಒತ್ತಿದ ಪಟ್ಟಿಯಲ್ಲಿ ಮರಳು ಕೊಂಚ ಗಟ್ಟಿ ಇರುತ್ತದೆ, ಬೆಳಿಗ್ಗೆ ತಂಪಿನಲ್ಲಿ ಇನ್ನೂ ಗಟ್ಟಿ. ಅದಕ್ಕೇ ಏಳೂವರೆಗೆ ಹೊರಡಿ ಅನ್ನುವುದು. ಮರಳು ಮುಗಿದ ಮೇಲೆ ಗಾಳಿ ತುಂಬಲು ಮರೆಯಬೇಡಿ, ಹಾರ್ಡ್‌ಸ್ಕ್ರಾಬಲ್ ಏರಿಳಿತದ ಕಲ್ಲಿಗೆ ಮೆತ್ತನೆಯ ಟಯರ್ ಬಡಿದರೆ ರಿಮ್ ಡೊಂಕಾಗುತ್ತದೆ. ವಸಂತದ ಕೊನೆಯಲ್ಲಿ ಹಿಮ ಕರಗಿ ಗ್ರೀನ್ ನದಿ ಉಕ್ಕಿದರೆ ಈ ತಗ್ಗಿನ ದಾರಿಯೇ ನೀರಿನಡಿ ಹೋಗುವುದುಂಟು. ಹೊರಡುವ ಹಿಂದಿನ ದಿನ ಉದ್ಯಾನದ ಕಚೇರಿಯಲ್ಲಿ ಕೇಳಿಕೊಳ್ಳಿ.

ಆಮೇಲೆ ಮಿನರಲ್ ಬಾಟಮ್ ತಿರುವುಗಳು, ಸುಮಾರು 300 ಮೀಟರ್ ಏರು. 2010ರ ಆಗಸ್ಟಿನ ಮಳೆಗೆ ಕುಸಿದು, ಮರುವರ್ಷ ದುರಸ್ತಿಯಾದ ದಾರಿ ಇದು. ನೆರಳಿಲ್ಲ, ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಹತ್ತಿದ ಮೇಲೆ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಇನ್ನೂ 20 ಕಿ.ಮೀ.ಗೂ ಹೆಚ್ಚು ಜಲ್ಲಿದಾರಿ ಉಳಿದಿರುತ್ತದೆ, ಅದೂ ಸಣ್ಣಗೆ ಏರುತ್ತಲೇ ಹೋಗುತ್ತದೆ, ಬಹಳ ಸಲ ಎದುರುಗಾಳಿ. ಆ 20 ಕಿ.ಮೀ.ಗೆ ಎರಡು ಲೀಟರ್ ನೀರನ್ನು ಏರಿನ ಬುಡದಲ್ಲೇ ತೆಗೆದಿಟ್ಟುಕೊಳ್ಳಿ.

ಮಳೆಯ ಮಾತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆ ಸಾಮಾನ್ಯ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಬಿದ್ದ ಮಳೆ ಒಣಹಳ್ಳದಲ್ಲಿ ಕೆಸರಾಗಿ ನುಗ್ಗುತ್ತದೆ. ದಾಟಲು ಹೋಗಬೇಡಿ. ಒಂದೆರಡು ಗಂಟೆ ಕಾದರೆ ಸಾಮಾನ್ಯವಾಗಿ ಇಳಿಯುತ್ತದೆ. ಜೇಡಿಮಣ್ಣಿನ ಕಡೆ ಒದ್ದೆಯಾದರೆ ಗಾಲಿಗೂ ಫೋರ್ಕಿಗೂ ನಡುವೆ ಮಣ್ಣು ಗಟ್ಟಿಯಾಗಿ ಕೂತು ಗಾಲಿ ತಿರುಗುವುದೇ ಇಲ್ಲ. ಎಳೆದಾಡಿದರೆ ಮುರಿಯುವುದು ಡಿರೈಲರ್. ಜೂನ್, ಜುಲೈ, ಆಗಸ್ಟಿನಲ್ಲಿ 38 ಡಿಗ್ರಿ ದಾಟುತ್ತದೆ, ಆಗ ಮೇಲೆ ಹೇಳಿದ ನೀರಿನ ಲೆಕ್ಕ ಯಾವುದೂ ನಡೆಯುವುದಿಲ್ಲ. ಹೋಗಲೇಬೇಡಿ.

ದಾರಿಯ ಪಕ್ಕದ ನೆಲದಲ್ಲಿ ಕಪ್ಪಗೆ, ಉಬ್ಬುಬ್ಬಾಗಿ ಕಾಣುವುದು ಬರೀ ಮಣ್ಣಲ್ಲ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿ ಸೇರಿ ಕಟ್ಟಿದ ಜೀವಂತ ಪೊರೆ. ಗಾಳಿಗೆ ಮಣ್ಣು ಹಾರದಂತೆ ಹಿಡಿದಿರುವುದು ಅದೇ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಕೂಡಲು ದಶಕಗಳು ಬೇಕು. ಎದುರು ಜೀಪ್ ಬಂದರೆ ಬರಿಗಲ್ಲಿನ ಮೇಲೆ ನಿಂತು ದಾರಿ ಬಿಡಿ. ಕ್ಯಾಂಪ್‌ಗಳ ನಡುವೆ ಹೊಟ್ಟೆ ಅವಸರಪಡಿಸಿದರೆ ಅದಕ್ಕೆಂದೇ ಇರುವ ಮುಚ್ಚುವ ಚೀಲ ಬಳಸಿ, ಕಟ್ಟಿಕೊಂಡು ವಾಪಸ್ ತನ್ನಿ.

ಮಾತಿನ ನಂತರ ಕೇಳಿಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇವೆ. ನದಿಯ ನೀರನ್ನೇ ಸೋಸಿ ಕುಡಿಯಬಹುದಲ್ಲ ಎಂಬುದು ಒಂದು. ಗ್ರೀನ್ ನದಿಯಲ್ಲಿ ಎಷ್ಟು ಹೂಳಿದೆಯೆಂದರೆ ಸಣ್ಣ ಫಿಲ್ಟರ್ ಬೇಗನೆ ಕಟ್ಟಿಕೊಳ್ಳುತ್ತದೆ. ಬಕೆಟ್ಟಿಗೆ ಚಿಟಿಕೆ ಪಟಿಕ ಹಾಕಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಸೋಸಬೇಕು. ಅಷ್ಟಕ್ಕೂ ನೀರು ಸಿಗುವುದು ಎರಡನೇ ದಿನದ ಕೊನೆಯ ಭಾಗದಲ್ಲಿ. ಕಷ್ಟಕಾಲಕ್ಕೆ ಇರಲಿ, ಯೋಜನೆಯಲ್ಲಿ ಸೇರಿಸಬೇಡಿ.

ಇನ್ನೊಂದು, ಒಂದೇ ದಿನದಲ್ಲಿ ಪೂರ್ತಿ ಸುತ್ತನ್ನು ಮುಗಿಸಬಹುದೇ ಎಂದು. ಮುಗಿಸುವವರು ಬಹಳ ಜನ ಇದ್ದಾರೆ. 160 ಕಿ.ಮೀ., ಒಟ್ಟು ಏರು ಎರಡು ಸಾವಿರ ಮೀಟರಿನ ಹತ್ತಿರ, ನೀರು 8–9 ಲೀಟರ್, ಕತ್ತಲಲ್ಲೇ ಹೊರಡಬೇಕು, ತಲೆಗೆ ದೀಪ. ಯೋಚಿಸಬೇಕಾದದ್ದು ಎಲ್ಲಿಂದ ಹಿಂದಿರುಗುವುದು ಅನ್ನುವುದನ್ನು. ನಾವು ಹೇಳುವುದು ಗೂಸ್‌ಬೆರಿ. ಅಲ್ಲಿ ತಲುಪುವಾಗ ಹನ್ನೊಂದು ಗಂಟೆ ದಾಟಿದ್ದರೆ, ಅಥವಾ ಅರ್ಧದಷ್ಟು ನೀರು ಖಾಲಿಯಾಗಿದ್ದರೆ, ವಾಪಸ್ ತಿರುಗಿ ಶೇಫರ್ ಹತ್ತಿಬಿಡಿ. ಮುಂದೆ ಹೋದರೆ ಮಿನರಲ್ ಬಾಟಮ್ ತನಕ ಗಾಡಿ ಹತ್ತುವ ದಾರಿ ಇನ್ನೊಂದಿಲ್ಲ. ನಡುವೆ ಗುಡ್ಡದ ನೆತ್ತಿಗೆ ಏರುವ ಕಾಲುದಾರಿಗಳು ಕೆಲವಿವೆ, ಅವುಗಳ ಮೇಲೆ ಸೈಕಲ್ ಒಯ್ಯಲು ಅನುಮತಿಯಿಲ್ಲ.